ಪಾರ್ಕಿನ್ಸನ್ ಇರುವ ಅಪ್ಪನಿಗೆ ಊಟದಲ್ಲಿ ಕೆಮ್ಮು ನಿಂತಿದೆ. ಇದು ಒಳ್ಳೆಯದಾ?

ಮದ್ದೂರಿನ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 72 ವರ್ಷ. ಪಾರ್ಕಿನ್ಸನ್ ಅಂತ ಗೊತ್ತಾಗಿ ಏಳೆಂಟು ವರ್ಷ ಆಯಿತು. ಹಗಲು ನಾಲ್ಕು ಹೊತ್ತು ಸಿಂಡೋಪಾ ಪ್ಲಸ್ ಅನ್ನುವ ಪಾರ್ಕಿನ್ಸನ್ ಮಾತ್ರೆ, ರಾತ್ರಿ ಮಲಗುವಾಗ ಒಂದು ಸಿಂಡೋಪಾ ಸಿಆರ್. ಬಲಗೈ ನಡುಗುತ್ತದೆ, ನಡಿಗೆ ನಿಧಾನ. ಆದರೂ ಕೋಲು ಹಿಡಿದು ತೆಂಗಿನ ತೋಟದ ತನಕ ಹೋಗಿ ಬರುತ್ತಾರೆ. ಬುದ್ಧಿ ಚುರುಕಾಗಿಯೇ ಇದೆ.

ಹೋದ ವರ್ಷ ಪೂರ್ತಿ ಅವರಿಗೆ ನೀರು ಕುಡಿದರೆ, ಸಾರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು. ಅಮ್ಮ ತಲೆ ತಟ್ಟಿ "ಯಾರೋ ನೆನೆಸ್ಕೊತಾವ್ರೆ" ಅನ್ನುತ್ತಿದ್ದರು. ಈಗ ಕೆಲವು ತಿಂಗಳಿಂದ ಆ ಕೆಮ್ಮು ಬಹಳ ಕಡಿಮೆಯಾಗಿದೆ. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ಯಾಕೋ ಸರಿ ಅನಿಸುತ್ತಿಲ್ಲ. ಯಾಕೆ ಅಂದರೆ ಬೇರೆಯೆಲ್ಲಾ ಜಾಸ್ತಿ ಆಗಿದೆ.

ಮುಂಚೆ ಎರಡು ಮುದ್ದೆ, ಬಸ್ಸಾರು ಹದಿನೈದು ನಿಮಿಷದಲ್ಲಿ ಮುಗಿಸಿ ಏಳುತ್ತಿದ್ದವರು ಈಗ ಒಂದು ಮುದ್ದೆಗೆ ಹತ್ತಿರ ಹತ್ತಿರ ಒಂದು ಗಂಟೆ ಕೂರುತ್ತಾರೆ. ತುತ್ತು ಬಾಯಲ್ಲೇ ಇರುತ್ತದೆ. ನಾಲಿಗೆ ಹಿಂದೆ ಮುಂದೆ ಆಡುತ್ತಿರುತ್ತದೆ, ತುತ್ತು ಮಾತ್ರ ಒಳಗೆ ಹೋಗುವುದಿಲ್ಲ. ಊಟ ಆದಮೇಲೆ ಮಾತಾಡಿದರೆ ಗಂಟಲಲ್ಲಿ ನೀರು ನಿಂತ ಹಾಗೆ ಗೊರಗೊರ ಅನ್ನುತ್ತದೆ. ರಾತ್ರಿ ದಿಂಬೆಲ್ಲಾ ಜೊಲ್ಲು. ಹಳೇ ಅಂಗಿಗಳು ಹೆಗಲಲ್ಲಿ ಜೋತಾಡುತ್ತವೆ. ಈ ಮಳೆಗಾಲದಲ್ಲಿ ಎರಡು ಸಲ ಜ್ವರ, ಎದೆಯಲ್ಲಿ ಕಫ. ಊರಿನ ಡಾಕ್ಟರು ಆಂಟಿಬಯಾಟಿಕ್ ಕೊಟ್ಟರು, ವಾಸಿಯಾಯಿತು.

ಇನ್ನೊಂದು ವಿಷಯ. ಅಪ್ಪ ಯಾವಾಗಲೂ ಚೊಂಬು ಎತ್ತಿ, ಬಾಯಿಗೆ ತಾಗಿಸದೆ ನೀರು ಕುಡಿಯುವವರು. ಈಗಲೂ ಹಾಗೇ. ಕೈ ನಡುಗುವುದರಿಂದ ಅರ್ಧ ಮೈಮೇಲೆ ಚೆಲ್ಲುತ್ತದೆ. ಲೋಟ ಕಚ್ಚಿ ಕುಡಿಯಿರಿ ಅಂದರೆ ಎಂಜಲು ಅಂತ ಒಪ್ಪುವುದಿಲ್ಲ.

ಮೊನ್ನೆ ನರರೋಗ ತಜ್ಞರು ಚೀಟಿಯಲ್ಲಿ ಸ್ಪೀಚ್ ಥೆರಪಿ ಅಂತ ಬರೆದಿದ್ದಾರೆ. ವಿವರವಾಗಿ ಕೇಳುವಷ್ಟು ಸಮಯ ಸಿಗಲಿಲ್ಲ. ಅಣ್ಣ "ಮಾತು ಚೆನ್ನಾಗೇ ಇದೆಯಲ್ಲ, ಸ್ಪೀಚ್ ಥೆರಪಿ ಯಾಕೆ? ಸುಮ್ನೆ ಓಡಾಟ, ದುಡ್ಡು" ಅನ್ನುತ್ತಾನೆ. ನುಂಗುವ ತೊಂದರೆಗೆ ಸ್ಪೀಚ್ ಥೆರಪಿಯಲ್ಲಿ ನಿಜವಾಗಿ ಏನು ಮಾಡುತ್ತಾರೆ? ಅದುವರೆಗೂ ಎಲ್ಲವನ್ನೂ ಮಿಕ್ಸಿಗೆ ಹಾಕಿ ಕೊಡಲಾ? ಗೊತ್ತಿರುವವರು ದಯವಿಟ್ಟು ಹೇಳಿ.

ಶಿರಸಿಯ ಅರ್ಥಧಾರಿ:

ತಂಗಿ, ನನಗೇ ಪಾರ್ಕಿನ್ಸನ್ ಇದೆ. ಒಳಗಿನಿಂದ ಇದು ಹೇಗಿರುತ್ತದೆ ಎಂದು ಹೇಳುತ್ತೇನೆ. ನಿಮ್ಮ ಅಪ್ಪನನ್ನು ಅರ್ಥ ಮಾಡಿಕೊಳ್ಳಲು ಸಹಾಯ ಆಗಬಹುದು.

ನುಂಗುವುದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಅಗಿಯುತ್ತೇವೆ, ಅದು ತಾನಾಗಿ ಹೋಗುತ್ತದೆ. ನನಗೆ ಆ 'ತಾನಾಗಿ' ಎನ್ನುವುದು ಹೋಗಿದೆ. ತುತ್ತು ತಯಾರಾಗಿ ನಾಲಿಗೆ ಮೇಲೆ ಕೂತಿರುತ್ತದೆ. ಈಗ ನುಂಗು ಎಂದು ನಾನೇ ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಆ ಹೊತ್ತಿಗೆ ಯಾರಾದರೂ ಮಾತಾಡಿಸಿದರೆ ಮುಗಿಯಿತು, ಮತ್ತೆ ಮೊದಲಿನಿಂದ ಶುರು. ಹಾಗಾಗಿ ಅವರು ಊಟ ಮಾಡುವಾಗ "ಬೇಗ ನುಂಗಿ, ಬೇಗ ನುಂಗಿ" ಎಂದು ಅವಸರ ಮಾಡಬೇಡಿ. ಹಾಗೆ ಅಂದಾಗ ಇನ್ನೂ ಬಿಗಿಯುತ್ತದೆ.

ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವನು. ಮೊದಲು ಹೋದದ್ದು ಧ್ವನಿ. ನನಗೆ ನಾನು ಜೋರಾಗಿಯೇ ಮಾತಾಡುತ್ತಿದ್ದೇನೆ ಅನಿಸುತ್ತಿತ್ತು. ಎದುರಿಗೆ ಕೂತವರಿಗೆ ಕೇಳುತ್ತಿರಲಿಲ್ಲ. ಅದಕ್ಕೆಂದೇ ಥೆರಪಿಗೆ ಸೇರಿದೆ. ಎಲ್‌ಎಸ್‌ವಿಟಿ ಲೌಡ್ ಎಂಬ ಪದ್ಧತಿ. ವಾರಕ್ಕೆ 4 ದಿನ, 4 ವಾರ, ದಿನಕ್ಕೆ ಒಂದು ಗಂಟೆ. ಇಲ್ಲಿ ಹತ್ತಿರದಲ್ಲಿ ಕಲಿಸುವವರು ಸಿಗಲಿಲ್ಲ, ಬೆಂಗಳೂರಿನವರ ಜೊತೆ ವಿಡಿಯೋ ಕರೆಯಲ್ಲಿ ಮಾಡಿದೆ. ಉದ್ದಕ್ಕೆ "ಆ" ಎನ್ನುವುದು, ಸ್ವರ ಏರಿಸುವುದು ಇಳಿಸುವುದು, ದಿನಬಳಕೆಯ ಮಾತುಗಳನ್ನು ಗಟ್ಟಿಯಾಗಿ ಹೇಳುವುದು. ಆ ಹುಡುಗಿ ಮಾತಿನ ಮಧ್ಯೆ "ಸರ್, ನೀವು ಜೊಲ್ಲನ್ನು ಎಷ್ಟು ಹೊತ್ತಿಗೊಮ್ಮೆ ನುಂಗುತ್ತೀರಿ?" ಎಂದು ಕೇಳಿದಳು. ಅಲ್ಲಿಂದ ನುಂಗುವ ವಿಷಯ ಹೊರಗೆ ಬಂತು. ಜೊಲ್ಲು ಹೆಚ್ಚಾಗಿ ಉತ್ಪತ್ತಿಯಾಗುವುದಲ್ಲವಂತೆ, ನಾವು ನುಂಗುವುದು ಕಡಿಮೆಯಾಗುತ್ತದೆ, ಅದಕ್ಕೇ ಬಾಯಲ್ಲಿ ತುಂಬಿಕೊಳ್ಳುತ್ತದೆ. ಈಗ ಮಾತು ಶುರು ಮಾಡುವ ಮೊದಲು ಒಮ್ಮೆ ನುಂಗಿಯೇ ಬಾಯಿ ತೆರೆಯುತ್ತೇನೆ.

ನನಗೆ ಮೊದಲು ತೊಂದರೆ ಕೊಟ್ಟದ್ದು ಗಟ್ಟಿ ಪದಾರ್ಥ ಅಲ್ಲ, ಅಪ್ಪೆಹುಳಿ. ನೀರಿನಂತೆ ತೆಳ್ಳಗೆ, ಮೇಲೆ ಹುಳಿ, ಖಾರ. ಗಂಟಲು ತಯಾರಾಗುವ ಮೊದಲೇ ಜಾರಿಬಿಡುತ್ತಿತ್ತು. ತಂಬುಳಿಯನ್ನು ಅನ್ನಕ್ಕೆ ಚೆನ್ನಾಗಿ ಕಿವುಚಿ ಕಲಸಿದರೆ ತೊಂದರೆ ಇಲ್ಲ. ಅದನ್ನೇ ಲೋಟಕ್ಕೆ ಹಾಕಿ ಕುಡಿಯಲು ಹೋದರೆ ಕಷ್ಟ. ಇದು ನನ್ನ ಅನುಭವ, ಎಲ್ಲರಿಗೂ ಹೀಗೇ ಎಂದಲ್ಲ. ನಿಮ್ಮ ಅಣ್ಣನಿಗೆ ಹೇಳಿ, ಆ ಚೀಟಿ ಬರೆದ ಡಾಕ್ಟರು ಸರಿಯಾಗಿಯೇ ಬರೆದಿದ್ದಾರೆ.

ಸ್ಪೀಚ್ ಥೆರಪಿಸ್ಟ್, ಮೈಸೂರು:

ನಿಮ್ಮ ಶೀರ್ಷಿಕೆಯ ಪ್ರಶ್ನೆಗೆ ಮೊದಲು ಉತ್ತರ. ಇಲ್ಲ, ಒಳ್ಳೆಯದಲ್ಲ. ಕೆಮ್ಮು ಮಾತ್ರ ನಿಂತು ಉಳಿದದ್ದೆಲ್ಲ ಸರಿಹೋಗಿದ್ದರೆ ಬೇರೆ ಮಾತು. ಊಟ ನಿಧಾನವಾಗಿದೆ, ಧ್ವನಿ ಒದ್ದೆಯಾಗಿದೆ, ತೂಕ ಇಳಿದಿದೆ, ಎರಡು ಸಲ ಎದೆಯ ಸೋಂಕು ಬಂದಿದೆ. ಇದರ ಜೊತೆ ಕೆಮ್ಮು ಇಲ್ಲ ಎಂದರೆ ನನಗೆ ಭಯವೇ ಆಗುತ್ತದೆ.

ಆಹಾರ, ನೀರು, ಜೊಲ್ಲು ಶ್ವಾಸನಾಳದ ಕಡೆ ಜಾರಿದಾಗ ಗಂಟಲಿಗೆ ಅದು ಗೊತ್ತಾಗಬೇಕು, ಗೊತ್ತಾದ ಮೇಲೆ ಜೋರಾಗಿ ಕೆಮ್ಮಿ ಹೊರಗೆ ತಳ್ಳಬೇಕು. ಪಾರ್ಕಿನ್ಸನ್‌ನಲ್ಲಿ ಈ ಎರಡೂ ಮಂಕಾಗುತ್ತವೆ. ಗಂಟಲಿನ ಒಳಗಿನ ಸ್ಪರ್ಶ ಕಡಿಮೆಯಾಗುತ್ತದೆ, ಕೆಮ್ಮಿನ ಬಲವೂ ಇಳಿಯುತ್ತದೆ. ಆಮೇಲೆ ನೀರು ಶ್ವಾಸಕೋಶಕ್ಕೆ ಹೋಗುತ್ತಿದ್ದರೂ ಮನುಷ್ಯ ಸುಮ್ನೆ ಕೂತಿರುತ್ತಾನೆ. ಎದುರಿಗೆ ಕೂತ ನಮಗೂ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿರುವ ನಾನೂ ಬರೀ ಕಣ್ಣಿನಿಂದ ನೋಡಿ ಇವರಿಗೆ ಜಾರುತ್ತಿಲ್ಲ ಎಂದು ಧೈರ್ಯವಾಗಿ ಹೇಳಲಾರೆ. ಹೀಗೆ ಜಾರಿದ್ದರಿಂದ ಬರುವ ನ್ಯುಮೋನಿಯಾ ಪಾರ್ಕಿನ್ಸನ್ ಇರುವವರ ಸಾವಿಗೆ ದೊಡ್ಡ ಕಾರಣಗಳಲ್ಲಿ ಒಂದು. ಹೆದರಿಸಲು ಹೇಳುತ್ತಿಲ್ಲ. ಎರಡನೇ ಮೂರನೇ ನ್ಯುಮೋನಿಯಾ ಆದಮೇಲೆ ನಮ್ಮ ಹತ್ತಿರ ಬರುವ ಕುಟುಂಬಗಳನ್ನು ನೋಡಿ ನೋಡಿ ಸಂಕಟ ಆಗುತ್ತದೆ. ಅದಕ್ಕೇ ಇಷ್ಟು ನೇರವಾಗಿ ಬರೆಯುತ್ತಿದ್ದೇನೆ.

ಇದು ಹೊಸ ಸಂಗತಿಯೂ ಅಲ್ಲ. ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ಮೊದಲ ಸಲ ವಿವರಿಸಿದಾಗಲೇ ತುತ್ತು ಬಾಯಲ್ಲಿ ನಿಲ್ಲದಿರುವುದು, ನುಂಗಲು ಕಷ್ಟ, ಜೊಲ್ಲು ಸೋರುವುದು ಎಲ್ಲವನ್ನೂ ಬರೆದಿದ್ದರು. ಆದರೂ ಇವತ್ತಿಗೂ ನಡುಕದ ಬಗ್ಗೆ ಕೇಳುವವರು ಊಟದ ಬಗ್ಗೆ ಕೇಳುವುದಿಲ್ಲ.

ನಿಮ್ಮ ಅಣ್ಣನ ಪ್ರಶ್ನೆ ತಪ್ಪಲ್ಲ, ಬಹಳ ಜನ ಕೇಳುತ್ತಾರೆ. ಮಾತಿಗೂ ನುಂಗುವುದಕ್ಕೂ ಬೇಕಾದದ್ದು ಅದೇ ತುಟಿ, ಅದೇ ನಾಲಿಗೆ, ಅದೇ ಗಂಟಲು, ಅದೇ ಉಸಿರು. ಅದಕ್ಕೆ ಎರಡನ್ನೂ ಓದಿದವರು ನಾವೇ. ಯಾರ ಹತ್ತಿರ ಹೋದರೂ ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇದೆಯಾ, ನುಂಗುವ ತೊಂದರೆ ನೋಡುತ್ತಾರಾ ಎಂದು ಮೊದಲೇ ಕೇಳಿ. ನಮ್ಮಲ್ಲಿ ಕೆಲವರು ಮಕ್ಕಳ ಮಾತಿನ ಕೆಲಸ ಮಾತ್ರ ಮಾಡುತ್ತಾರೆ.

ಮೊದಲ ಕೆಲಸ ಪರೀಕ್ಷೆ. ಎರಡು ಥರ ಇದೆ. ಒಂದು, ಬೇರಿಯಂ ಬೆರೆಸಿದ ನೀರು, ಗಂಜಿ, ಬಿಸ್ಕತ್ತು ತಿನ್ನಿಸುತ್ತಾ ಎಕ್ಸ್‌ರೇಯಲ್ಲಿ ವಿಡಿಯೋ ತೆಗೆಯುವುದು. ತುತ್ತು ಎಲ್ಲಿ ನಿಂತಿತು, ಎಲ್ಲಿ ಜಾರಿತು ಎಂದು ಪರದೆ ಮೇಲೆ ಕಾಣುತ್ತದೆ. ಇನ್ನೊಂದು ಪರೀಕ್ಷೆಯ ಹೆಸರು ಫೀಸ್ (FEES), ದುಡ್ಡಿನ ಫೀಸ್ ಅಲ್ಲ. ಮೂಗಿನ ಮೂಲಕ ತೆಳ್ಳನೆಯ ಕ್ಯಾಮೆರಾ ಇಳಿಸಿ, ಊಟ ಮಾಡುವಾಗ ಗಂಟಲನ್ನು ಮೇಲಿನಿಂದ ನೋಡುವುದು. ಸ್ವಲ್ಪ ಕಿರಿಕಿರಿ ಆಗುತ್ತದೆ, ನೋವು ಅನ್ನುವಂಥದ್ದೇನೂ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗೆಂದೇ ಒಂದು ಕೇಂದ್ರ ಇದೆ. ನಿಮಗೆ ಅದೇ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಸ್ಪೀಚ್ ಪೆಥಾಲಜಿ ವಿಭಾಗ ಇದೆ. ಕರಾವಳಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಮಣಿಪಾಲದಲ್ಲಿ ವಿಚಾರಿಸಿ.

ಪರೀಕ್ಷೆಗೆ ಬರುವಾಗ ಮನೆಯ ಊಟವನ್ನೇ ಡಬ್ಬಿಗೆ ಹಾಕಿಕೊಂಡು ಬನ್ನಿ. ನಿಮ್ಮ ಅಪ್ಪ ದಿನಾ ತಿನ್ನುವುದು ಬಿಸ್ಕತ್ತು ಅಲ್ಲ, ಮುದ್ದೆ. ಮುದ್ದೆಗೆ ಗಂಟಲು ಏನು ಮಾಡುತ್ತದೆ ಎಂದು ನೋಡಬೇಕು. ಮಾತ್ರೆಯ ಹೊತ್ತನ್ನೂ ಬರೆದು ತನ್ನಿ. ಆಗುವುದಾದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಿಗೆ ಪರೀಕ್ಷೆ ಇಟ್ಟುಕೊಳ್ಳಿ, ಮನೆಯಲ್ಲಿ ಊಟವನ್ನೂ ಅದೇ ಹೊತ್ತಿಗೆ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಸಿಂಡೋಪಾ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಲು ಹೇಳುತ್ತಾರೆ. ಬೇಳೆ, ಮೊಸರು, ಮೊಟ್ಟೆಯ ಪ್ರೋಟೀನು ಆ ಔಷಧಿ ಒಳಗೆ ಸೇರುವುದಕ್ಕೆ ಅಡ್ಡ ಬರುತ್ತದೆ. ಮಾತ್ರೆಯಿಂದ ಕೈ, ದವಡೆ, ಎಚ್ಚರ ಎಲ್ಲ ಸುಧಾರಿಸುತ್ತದೆ. ಆದರೆ ನುಂಗುವುದನ್ನು ಮಾತ್ರೆ ಒಂದೇ ಸರಿಮಾಡುತ್ತದೆ ಎಂದು ನಂಬಿ ಕೂರಬೇಡಿ.

ಥೆರಪಿ ಏನು ಎಂದು ಕೇಳಿದಿರಿ. ಶಿರಸಿಯವರು ಹೇಳಿದ ಮಾತಿನಲ್ಲೇ ಅದರ ತಿರುಳು ಇದೆ. ತಾನಾಗಿ ಆಗುತ್ತಿದ್ದದ್ದನ್ನು ಈಗ ಗಮನ ಇಟ್ಟು ಮಾಡಬೇಕು. ಸಣ್ಣ ತುತ್ತು, ಬಾಯಿ ಮುಚ್ಚು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಜೋರಾಗಿ ನುಂಗು, ಖಾಲಿ ಬಾಯಲ್ಲಿ ಇನ್ನೊಮ್ಮೆ ನುಂಗು. ಇದನ್ನು ಅಭ್ಯಾಸ ಮಾಡಿಸುತ್ತೇವೆ. ಗದ್ದವನ್ನು ಎದೆಯ ಕಡೆ ಬಗ್ಗಿಸಿ ನುಂಗುವುದು ಕೆಲವರಿಗೆ ಕಾಪಾಡುತ್ತದೆ, ಎಲ್ಲರಿಗೂ ಅಲ್ಲ. ಇಂಟರ್‌ನೆಟ್ ನೋಡಿ ಎಲ್ಲರೂ ಅದನ್ನೇ ಮಾಡಿಸುತ್ತಾರೆ. ಕ್ಯಾಮೆರಾ ಹಾಕಿ ನೋಡಿದ ಮೇಲೆ ಮಾತ್ರ ನಾನು ಹೇಳುತ್ತೇನೆ.

ಇನ್ನೊಂದು ವ್ಯಾಯಾಮದ ಮೇಲೆ ನನಗೆ ನಂಬಿಕೆ ಜಾಸ್ತಿ. ಉಸಿರು ಹೊರಗೆ ಬಿಡುವ ಸ್ನಾಯುಗಳಿಗೆ ಬಲ ತರುವುದು, ಚಿಕ್ಕದಾಗಿ ಇಎಂಎಸ್‌ಟಿ. ಸ್ಪ್ರಿಂಗ್ ಇರುವ ಒಂದು ಸಣ್ಣ ಕೊಳವೆಗೆ ಊದಬೇಕು. ಸಾಕಷ್ಟು ಜೋರಾಗಿ ಊದಿದರೆ ಮಾತ್ರ ಗಾಳಿ ಹೊರಗೆ ಹೋಗುತ್ತದೆ. ಒಂದು ಸಲಕ್ಕೆ 5 ಊದು, ಅಂಥ 5 ಸುತ್ತು, ವಾರಕ್ಕೆ 5 ದಿನ. 2010ರಲ್ಲಿ ಪಾರ್ಕಿನ್ಸನ್ ಇರುವ 60 ಜನರ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಅರ್ಧ ಜನರಿಗೆ ನಿಜವಾದ ಉಪಕರಣ, ಅರ್ಧ ಜನರಿಗೆ ಸ್ಪ್ರಿಂಗ್ ಇಲ್ಲದ್ದು. 4 ವಾರ ಆದಮೇಲೆ ನಿಜವಾದದ್ದನ್ನು ಊದಿದವರಲ್ಲಿ ಶ್ವಾಸನಾಳಕ್ಕೆ ಜಾರುವುದು ಕಡಿಮೆಯಾಗಿತ್ತು. ಹೃದಯದ ತೊಂದರೆ, ತುಂಬಾ ಬಿಪಿ, ಹರ್ನಿಯಾ ಇದ್ದರೆ ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಬೇಡಿ. ಬಲೂನು ಊದಿಸಿದರೆ ಇದಕ್ಕೆ ಸಮ ಆಗುವುದಿಲ್ಲ. ಎಷ್ಟು ಬಲ ಬೇಕು ಎಂದು ಅಳೆದು ಹೊಂದಿಸುವುದರಲ್ಲೇ ಈ ಉಪಕರಣದ ಪ್ರಯೋಜನ ಇರುವುದು.

ಈಗ ಮಿಕ್ಸಿ ವಿಷಯ. ದಯವಿಟ್ಟು ಎಲ್ಲವನ್ನೂ ರುಬ್ಬಿ ಗಂಜಿ ಮಾಡಬೇಡಿ, ನೀರನ್ನೂ ನಿಮ್ಮಷ್ಟಕ್ಕೆ ದಪ್ಪ ಮಾಡಬೇಡಿ. ಅಮೆರಿಕದಲ್ಲಿ ಪಾರ್ಕಿನ್ಸನ್, ಮರೆಗುಳಿತನ ಅಥವಾ ಎರಡೂ ಇರುವ 711 ಜನರನ್ನು ಎಕ್ಸ್‌ರೇಯಲ್ಲಿ ಪರೀಕ್ಷಿಸಿದ್ದರು. 2008ರಲ್ಲಿ ಬಂದ ಫಲಿತಾಂಶದಲ್ಲಿ ಜೇನಿನಷ್ಟು ದಪ್ಪ ಮಾಡಿದ ಪಾನೀಯ ಆ ಹೊತ್ತಿಗೆ ಜಾರುವುದನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆಯಿತು. ಆದರೆ ಅದೇ ತಂಡ ಮೂರು ತಿಂಗಳು ಹಿಂಬಾಲಿಸಿ ನೋಡಿದಾಗ ನ್ಯುಮೋನಿಯಾದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ದಪ್ಪ ಪಾನೀಯ ಕುಡಿದವರಲ್ಲಿ ನೀರಿನಂಶ ಕಡಿಮೆಯಾಗುವಂಥ ತೊಂದರೆಗಳು ಹೆಚ್ಚಿದ್ದವು. ದಪ್ಪ ನೀರನ್ನು ಯಾರೂ ಇಷ್ಟಪಟ್ಟು ಕುಡಿಯುವುದಿಲ್ಲ, ಕುಡಿಯುವುದೇ ಕಡಿಮೆ ಮಾಡುತ್ತಾರೆ. ಪಾರ್ಕಿನ್ಸನ್‌ನಲ್ಲಿ ಮಲಬದ್ಧತೆ ಮೊದಲೇ ಇರುತ್ತದೆ. ಯಾರಿಗೆ ಬೇಕೋ ಅವರಿಗೆ, ಎಷ್ಟು ಬೇಕೋ ಅಷ್ಟೇ.

ಪರೀಕ್ಷೆ ಆಗುವವರೆಗೆ ಇಷ್ಟು ಮಾಡಿ. ಊಟಕ್ಕೆ ನೆಲದ ಮೇಲೆ ಬಗ್ಗಿ ಕೂರುವುದು ಬೇಡ. ಬೆನ್ನಿಗೆ ಆಸರೆ ಇರುವ ಕುರ್ಚಿ, ಕಾಲು ನೆಲಕ್ಕೆ ತಾಗಿರಬೇಕು. ಟಿವಿ ಆಫ್. ಊಟ ಆದಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಒಂದೇ ತುತ್ತಿನಲ್ಲಿ ನೀರು ಬೇರೆ, ಗಟ್ಟಿ ಬೇರೆ ಇರುವುದು ಬೇಡ. ತಿಳಿಸಾರಿನಲ್ಲಿ ತೇಲುವ ಅನ್ನಕ್ಕಿಂತ ಕಿವುಚಿದ ಮೊಸರನ್ನ ವಾಸಿ. ಚುರುಮುರಿ, ಒಣ ಅವಲಕ್ಕಿ, ಕಡಲೆಕಾಯಿ ಸದ್ಯಕ್ಕೆ ನಿಲ್ಲಿಸಿ.

ಮತ್ತೆ ಚೊಂಬು. ನೀವು ಬರೆದದ್ದರಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಅದೇ. ತಲೆ ಹಿಂದಕ್ಕೆ ಎತ್ತಿದಾಗ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ. ನೀರು ಬಾಯಲ್ಲಿ ಒಂದು ಕ್ಷಣವೂ ನಿಲ್ಲದೆ ನೇರ ಗಂಟಲಿಗೆ ಬೀಳುತ್ತದೆ. ನಮಗೆ ಅಷ್ಟರಲ್ಲಿ ಶ್ವಾಸನಾಳದ ದಾರಿ ಮುಚ್ಚಿಕೊಳ್ಳುತ್ತದೆ. ಪಾರ್ಕಿನ್ಸನ್ ಇರುವವರಿಗೆ ತಡವಾಗುತ್ತದೆ. ಎತ್ತಿ ಕುಡಿಯುವುದನ್ನು ಇವತ್ತೇ ನಿಲ್ಲಿಸಿ. ಎಂಜಲಿನ ಮಾತು ಬಂದರೆ ಅವರ ಹೆಸರು ಕೆತ್ತಿಸಿದ ಒಂದು ಲೋಟ ಅವರಿಗೇ ಇರಲಿ, ಬೇರೆ ಯಾರೂ ಮುಟ್ಟುವುದು ಬೇಡ. ಅಗಲ ಬಾಯಿಯ ಲೋಟ, ಅರ್ಧ ತುಂಬಿದ್ದು ಬೇಡ, ಕೆಳಗೆ ಸ್ವಲ್ಪ ಉಳಿದಾಗ ತಲೆ ಮೇಲೆ ಎತ್ತಬೇಕಾಗುತ್ತದೆ. ಆಗಾಗ ತುಂಬಿಸುತ್ತಿರಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಲೋಟದ ಒಂದು ಅಂಚನ್ನು ಮೂಗಿಗೆ ಜಾಗ ಆಗುವ ಹಾಗೆ ಅರ್ಧಚಂದ್ರಾಕಾರ ಕತ್ತರಿಸಿ, ಕತ್ತರಿಸದ ಕಡೆಯಿಂದ ಕುಡಿಸಿ. ಆಗ ತಲೆ ಎತ್ತುವ ಅಗತ್ಯವೇ ಬರುವುದಿಲ್ಲ.

ಮದ್ದೂರಿನ ಮಗಳು:

ಮೇಡಂ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಣ್ಣನಿಗೆ ಓದಿ ಹೇಳಿದೆ. ಕೆಮ್ಮಿನ ವಿಷಯ ಕೇಳಿದ ಮೇಲೆ ಅವನೇ ಗಾಡಿ ಮಾತಾಡುತ್ತೇನೆ ಅಂದಿದ್ದಾನೆ. ಎರಡು ಪ್ರಶ್ನೆ ಇದೆ. ಮುದ್ದೆ ಪೂರ್ತಿ ಬಿಡಿಸಬೇಕಾ? ಅಪ್ಪನಿಗೆ ಮುದ್ದೆ ಇಲ್ಲದ್ದು ಊಟವೇ ಅಲ್ಲ. ಇನ್ನೊಂದು, ನೆತ್ತಿಗೆ ಹತ್ತಿ ಉಸಿರು ಕಟ್ಟಿದರೆ ಏನು ಮಾಡಬೇಕು? ಅಮ್ಮ ತಲೆ ತಟ್ಟಿ ನೀರು ಕುಡಿಸುತ್ತಾರೆ.

ಸ್ಪೀಚ್ ಥೆರಪಿಸ್ಟ್, ಮೈಸೂರು:

ಎರಡನೆಯದು ಮೊದಲು. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಮುಂದಕ್ಕೆ ಬಾಗಿಸಿ ಜೊತೆಗಿರಿ. ಆ ಹೊತ್ತಿನಲ್ಲಿ ನೀರು ಕೊಡಬಾರದು. ತಲೆ ತಟ್ಟುವುದರಿಂದ ಪ್ರಯೋಜನ ಇಲ್ಲ. ಕೆಮ್ಮಲೂ ಆಗದೆ, ಧ್ವನಿ ಬರದೆ, ಉಸಿರು ಕಟ್ಟಿದ್ದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲಿನ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೆ ಮತ್ತು ಮೇಲಕ್ಕೆ 5 ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಹೊಟ್ಟೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಅಮ್ಮನಿಗೆ, ಅಣ್ಣನಿಗೆ ಇದನ್ನು ಮೊದಲೇ ಹೇಳಿಕೊಡಿ.

ಮುದ್ದೆ. ನಾನೂ ಮುದ್ದೆ ಊರಿನವಳು. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅದಕ್ಕೆ ನಾಲಿಗೆಯ ಒಂದು ದೊಡ್ಡ ತಳ್ಳು, ಗಂಟಲಿನ ಒಂದು ಗಟ್ಟಿ ಹಿಂಡು ಬೇಕು. ಪಾರ್ಕಿನ್ಸನ್‌ನಲ್ಲಿ ಸಣ್ಣದಾಗುವುದು ಇವೆರಡೇ. ಮೇಲೆ ಅಂಟು ಬೇರೆ. ಹೊರದೇಶದ ಯಾವ ಪಥ್ಯದ ಪಟ್ಟಿಯಲ್ಲೂ ಇದಕ್ಕೆ ಉತ್ತರ ಇರುವುದಿಲ್ಲ. ಅದಕ್ಕೇ ಡಬ್ಬಿಯಲ್ಲಿ ತನ್ನಿ ಎಂದದ್ದು. ಪರೀಕ್ಷೆ ಆಗುವವರೆಗೆ ಮುದ್ದೆ ಬೇಡ. ಅದೇ ರಾಗಿಯಲ್ಲಿ ಗಂಟಿಲ್ಲದ ದಪ್ಪ ಗಂಜಿ ಮಾಡಿ, ಜರಡಿ ಹಿಡಿದು, ಬಸ್ಸಾರಿನ ಖಾರವನ್ನೇ ಸ್ವಲ್ಪ ಬೆರೆಸಿ ಚಮಚದಲ್ಲಿ ಕೊಡಿ. ರುಚಿ ಅದೇ ಇದ್ದರೆ ಅವರು ಒಪ್ಪುವ ಸಾಧ್ಯತೆ ಜಾಸ್ತಿ.

ಗಂಜಿ ಎಷ್ಟು ದಪ್ಪ ಎಂದು ಅಳೆಯುವುದಕ್ಕೆ ಇಡ್ಸಿ ಎಂಬ ಅಂತರರಾಷ್ಟ್ರೀಯ ಅಳತೆ ಇದೆ, 0ಯಿಂದ 7ರ ತನಕ. ಸೂಜಿ ಇಲ್ಲದ, ದಂಡ ತೆಗೆದ 10 ಎಂಎಲ್ ಸಿರಿಂಜಿನ ತುದಿಗೆ ಬೆರಳು ಒತ್ತಿ 10ರ ತನಕ ತುಂಬಿಸಿ. ಬೆರಳು ಬಿಟ್ಟು 10 ಸೆಕೆಂಡು ನೋಡಿ. 1ರಿಂದ 4 ಎಂಎಲ್ ಉಳಿದರೆ ಮಟ್ಟ 1, 4ರಿಂದ 8 ಉಳಿದರೆ ಮಟ್ಟ 2, ಅದಕ್ಕಿಂತ ಜಾಸ್ತಿ ಉಳಿದು ಇನ್ನೂ ಹನಿಯುತ್ತಿದ್ದರೆ ಮಟ್ಟ 3. ಯಾವ ಸಿರಿಂಜ್ ಎಂದು ಥೆರಪಿಸ್ಟ್ ಹತ್ತಿರ ಕೇಳಿ, ಅಳತೆ ಬದಲಾಗುತ್ತದೆ. ಗಂಜಿ ಆರಿದಷ್ಟೂ ಗಟ್ಟಿಯಾಗುತ್ತದೆ, ಎಂಜಲು ಚಮಚ ಅದ್ದಿದರೆ ಜೊಲ್ಲಿನಿಂದ ನೀರಾಗುತ್ತದೆ. ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಹಾಕಿಕೊಂಡು, ಕೊಡುವ ಹೊತ್ತಿನ ಬಿಸಿಯಲ್ಲೇ ಅಳೆಯಿರಿ.

ದಾವಣಗೆರೆಯ ಸೊಸೆ:

ಅಕ್ಕ, ನಮ್ಮ ಅತ್ತೆಯನ್ನು ಇದೇ ಕಾಯಿಲೆಯಲ್ಲಿ ನೋಡಿಕೊಂಡವಳು ನಾನು. ಮೇಡಂ ಎಲ್ಲಾ ಹೇಳಿದ್ದಾರೆ. ನಾನು ಎರಡೇ ವಿಷಯ ಸೇರಿಸುತ್ತೇನೆ.

ಬಾಯಿ ಸ್ವಚ್ಛವಾಗಿಡಿ. ಜಾರುವುದನ್ನು ಪೂರ್ತಿ ತಡೆಯಲು ಆಗದಿದ್ದರೂ, ಜಾರುವ ಜೊಲ್ಲಿನಲ್ಲಿ ಕೊಳೆ ಕಡಿಮೆ ಇದ್ದರೆ ಎದೆಗೆ ಅಪಾಯ ಕಡಿಮೆ. ಅತ್ತೆಗೆ ಪ್ರತಿ ಊಟ ಆದಮೇಲೆ ಮೆತ್ತನೆಯ ಬ್ರಶ್ಶಿನಿಂದ ಹಲ್ಲು, ನಾಲಿಗೆ, ಕೆನ್ನೆಯ ಒಳಗೆ ಉಜ್ಜುತ್ತಿದ್ದೆ. ಕೆನ್ನೆಯಲ್ಲಿ ಅನ್ನ ಸೇರಿಕೊಂಡಿದ್ದು ಆಗ ಸಿಗುತ್ತಿತ್ತು. ಕಟ್ಟಿಸಿದ ಹಲ್ಲು ಇದ್ದರೆ ರಾತ್ರಿ ತೆಗೆದು ತೊಳೆದಿಡಿ. ತೂಕ ಇಳಿದ ಮೇಲೆ ಆ ಹಲ್ಲು ಸಡಿಲ ಆಗುತ್ತದೆ, ಅಗಿಯಲು ಕಷ್ಟ. ಅದನ್ನೂ ನೋಡಿಸಿ. ಎಲೆ ಅಡಿಕೆ ಅಭ್ಯಾಸ ಇದ್ದರೆ ಬಾಯಲ್ಲಿ ಇಟ್ಟುಕೊಂಡು ಮಲಗಲು ಬಿಡಬೇಡಿ.

ಇನ್ನೊಂದು, ಎಲ್ಲಿಗೆ ಹೋದರೂ ಪಾರ್ಕಿನ್ಸನ್ ಇದೆ ಎಂದು ಮೊದಲ ಮಾತಿನಲ್ಲೇ ಹೇಳಿ. ಅತ್ತೆಗೆ ವಾಂತಿ ಆದಾಗ ಒಂದು ಕ್ಲಿನಿಕ್‌ನಲ್ಲಿ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೊಟ್ಟರು. ಪಾರ್ಕಿನ್ಸನ್‌ನಲ್ಲಿ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಮೊದಲೇ ಕಡಿಮೆ, ಈ ಔಷಧಿ ಅದರ ಕೆಲಸವನ್ನೇ ತಡೆಯುತ್ತದೆ. ಮಾರನೆಯ ದಿನ ಅವರ ಬಾಯೇ ತೆರೆಯಲಿಲ್ಲ, ಒಂದು ಚಮಚ ಗಂಜಿಯೂ ಇಳಿಯಲಿಲ್ಲ. ನಮ್ಮ ನರರೋಗ ತಜ್ಞರು ಆಮೇಲೆ ಅದರ ಹೆಸರನ್ನು ದೊಡ್ಡದಾಗಿ ಬರೆದು, ಇದನ್ನು ಕೊಡಬಾರದು ಎಂದು ಫೈಲಿಗೆ ಅಂಟಿಸಿಕೊಟ್ಟರು. ಆಸ್ಪತ್ರೆಗೆ ಸೇರಿಸಿದರೂ ಸಿಂಡೋಪಾ ಹೊತ್ತು ತಪ್ಪಬಾರದು. ನಿಲ್ಲಿಸಿದರೆ ನುಂಗುವುದು ಇನ್ನೂ ಕೆಡುತ್ತದೆ.

ಕೊನೆಯ ವರ್ಷ ಹೊಟ್ಟೆಗೆ ಟ್ಯೂಬ್ ಹಾಕಿಸುವ ಮಾತು ಬಂತು. ಅತ್ತೆ ಬೇಡ ಎಂದರು. ಅವರಿಗೆ ಮಾತಾಡಲು ಆಗುತ್ತಿದ್ದ ಕಾಲದಲ್ಲೇ ಅವರನ್ನೇ ಕೇಳಿಟ್ಟುಕೊಂಡಿದ್ದೆವು. ಅದರಿಂದ ಅಣ್ಣತಮ್ಮಂದಿರಲ್ಲಿ ಜಗಳ ಆಗಲಿಲ್ಲ. ನಿಮ್ಮ ಅಪ್ಪನಿಗೆ ಈಗ ಆ ಹಂತ ಬಂದಿಲ್ಲ. ಬುದ್ಧಿ ಚುರುಕಾಗಿದೆ ಎಂದಿರಿ, ಅದಕ್ಕೆ ಹೇಳಿದೆ.

ಮದ್ದೂರಿನ ಮಗಳು:

ಮೈಸೂರಿಗೆ ಹೋಗಿ ಬಂದೆವು. ಫೀಸ್ ಪರೀಕ್ಷೆ ಆಯಿತು. ಡಬ್ಬಿಯಲ್ಲಿ ಮುದ್ದೆ, ಬಸ್ಸಾರು, ಗಂಜಿ, ಮೊಸರನ್ನ ಎಲ್ಲಾ ತೆಗೆದುಕೊಂಡು ಹೋಗಿದ್ದೆವು. ಪರದೆಯಲ್ಲಿ ನಮಗೂ ತೋರಿಸಿದರು. ನೀರು ದೊಡ್ಡ ಗುಟುಕು ಕುಡಿದಾಗ ಅಪ್ಪ ನುಂಗುವ ಮೊದಲೇ ಧ್ವನಿಪೆಟ್ಟಿಗೆ ದಾಟಿ ಕೆಳಗೆ ಹೋಯಿತು. ಅಪ್ಪ ಕೆಮ್ಮಲೇ ಇಲ್ಲ. "ಏನಾದ್ರೂ ಆಯ್ತಾ?" ಅಂತ ಕೇಳಿದರೆ "ಏನಿಲ್ಲ, ಚೆನ್ನಾಗಿ ಹೋಯ್ತು" ಅಂದರು. ಅಣ್ಣ ಅಲ್ಲೇ ಕೂತುಬಿಟ್ಟ.

ಅದೇ ನೀರನ್ನು ಸಣ್ಣ ಗುಟುಕು ಮಾಡಿ, ಗದ್ದ ಬಗ್ಗಿಸಿ ಕುಡಿದಾಗ ಒಳಗೆ ಹೋಗಲಿಲ್ಲ. ಹಾಗಾಗಿ ಸದ್ಯಕ್ಕೆ ನೀರು ದಪ್ಪ ಮಾಡುವುದು ಬೇಡ ಅಂದರು. ಮುದ್ದೆ ಗಂಟಲಲ್ಲಿ ಅರ್ಧಕ್ಕರ್ಧ ಹಾಗೇ ಕೂತಿತ್ತು, ಎರಡು ಮೂರು ಸಲ ನುಂಗಿದ ಮೇಲೆ ಸ್ವಲ್ಪ ಇಳಿಯಿತು. ಮುದ್ದೆ ಸದ್ಯಕ್ಕೆ ನಿಲ್ಲಿಸಿ, ಥೆರಪಿ ಆದಮೇಲೆ ಮತ್ತೆ ಕ್ಯಾಮೆರಾ ಹಾಕಿ ನೋಡೋಣ ಅಂದರು. ಅಪ್ಪನಿಗೆ ಬೇಜಾರಾಗಿದೆ. ಆದರೆ ಪರದೆ ನೋಡಿದ್ದರಿಂದ ಜಗಳ ಮಾಡುತ್ತಿಲ್ಲ. ರಾಗಿ ಗಂಜಿಗೆ ಬಸ್ಸಾರಿನ ಖಾರ ಹಾಕಿ ಕೊಡುತ್ತಿದ್ದೇವೆ, ತಿನ್ನುತ್ತಾರೆ. ಚೊಂಬು ಅಮ್ಮ ಎತ್ತಿಟ್ಟಿದ್ದಾರೆ. ಬಿಪಿ ನೋಡಿ ಇಎಂಎಸ್‌ಟಿ ಶುರು ಮಾಡಿಸಿದ್ದಾರೆ. ಊದುವಾಗ ಮೊಮ್ಮಗ ಎಣಿಸುತ್ತಾನೆ.

ಒಂದು ಸಂಶಯ ಉಳಿದಿದೆ. ರಾತ್ರಿಯ ಸಿಂಡೋಪಾ ಸಿಆರ್ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತದೆ ಅನ್ನುತ್ತಾರೆ. ಪುಡಿ ಮಾಡಿ ಮೊಸರಲ್ಲಿ ಕೊಡಬಹುದಾ?

ಸ್ಪೀಚ್ ಥೆರಪಿಸ್ಟ್, ಮೈಸೂರು:

ಪುಡಿ ಮಾಡಬೇಡಿ. ಸಿಆರ್ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಪುಡಿ ಮಾಡಿದರೆ ಔಷಧಿಯೆಲ್ಲ ಒಂದೇ ಸಲಕ್ಕೆ ಬಿಡುಗಡೆಯಾಗುತ್ತದೆ, ಬೆಳಗಿನ ಜಾವಕ್ಕೆ ಏನೂ ಉಳಿಯುವುದಿಲ್ಲ. ಮೊಸರೂ ಬೇಡ, ಪ್ರೋಟೀನಿನ ಕಾರಣಕ್ಕೆ. ಮಾಗಿದ ಪರಂಗಿ ಹಣ್ಣನ್ನು ನುಣ್ಣಗೆ ಮಾಡಿ, ಒಂದು ಚಮಚದಲ್ಲಿ ಮಾತ್ರೆಯನ್ನು ಇಡಿಯಾಗಿ ಇಟ್ಟು ಕೊಡಿ. ಆಮೇಲೆ ಇನ್ನೊಂದು ಚಮಚ ಬರೀ ಹಣ್ಣು. ನೇರ ಕೂತಿರಬೇಕು, ಕೊಟ್ಟ ತಕ್ಷಣ ಮಲಗಿಸಬಾರದು. ಹೀಗೆ ಮಾಡಿಯೂ ಸಿಕ್ಕಿಕೊಂಡರೆ ನರರೋಗ ತಜ್ಞರಿಗೆ ಫೋನ್ ಮಾಡಿ, ಅವರು ಬೇರೆ ರೂಪದ ಔಷಧಿಗೆ ಬದಲಾಯಿಸುತ್ತಾರೆ. ನೀವೇ ನಿಲ್ಲಿಸಬೇಡಿ.

ತೂಕವನ್ನು ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ನೋಡಿ ಬರೆದಿಡಿ. ಜ್ವರ ಬಂದರೆ, ಕೆಮ್ಮು ಇರಲಿ ಇಲ್ಲದಿರಲಿ, ಎದೆಯ ಎಕ್ಸ್‌ರೇ ತೆಗೆಸಿ.